ಬಿರುಗಾಳಿಯ ದಾರಿ ಖಚಿತವಾಗುವವರೆಗೆ ಕಾಯಬೇಕೇ?

ಸಹೋದರಿಯರೇ, ಮಳೆಗಾಲ ಹತ್ತಿರವಾಯಿತೆಂದರೆ ಕರಾವಳಿಯ ಮನೆಗಳಲ್ಲಿ ಅರಬ್ಬೀ ಸಮುದ್ರದ ಸುದ್ದಿಗೆ ಎಲ್ಲರೂ ಕಿವಿಗೊಡುತ್ತಾರೆ. ಟಿ.ವಿ. ಪರದೆಯ ಮೇಲೆ ಬಣ್ಣದ ಸುರುಳಿಯೊಂದು ತಿರುಗುತ್ತಿರುತ್ತದೆ. ನಿನ್ನೆ ಒಮಾನ್ ಕಡೆಗೆ ಹೋಗಬಹುದು ಎಂದವರು ಇಂದು ಗುಜರಾತಿನ ಕಡೆಗೆ ಎನ್ನುತ್ತಾರೆ. "ಇವರಿಗೇ ಗೊತ್ತಿಲ್ಲ, ನಮಗೇನು ಹೇಳುತ್ತಾರೆ?" ಎಂದು ಮನೆಯ ಹಿರಿಯರು ಚಾನೆಲ್ ಬದಲಿಸುತ್ತಾರೆ. ಅಲ್ಲಿಗೆ ವಿಷಯ ಮುಗಿಯುತ್ತದೆ. ಆದರೆ ಮುನ್ಸೂಚನೆ ಬದಲಾಯಿತು ಎಂಬ ಕಾರಣಕ್ಕೆ ಅದನ್ನು ತಳ್ಳಿಹಾಕುವುದು ಸರಿಯೇ? ಈ ತಿಂಗಳು ಇದನ್ನೇ ಸ್ವಲ್ಪ ಯೋಚಿಸೋಣ.

2023ರ ಜೂನ್ ತಿಂಗಳ 'ಬಿಪರ್‌ಜಾಯ್' ಚಂಡಮಾರುತ ನಿಮಗೆ ನೆನಪಿರಬಹುದು. ಆ ಹೆಸರು ಕೊಟ್ಟದ್ದು ಬಾಂಗ್ಲಾದೇಶ. ಬಂಗಾಳಿಯಲ್ಲಿ ಅದಕ್ಕೆ ವಿಪತ್ತು ಎಂದರ್ಥ. ನಮ್ಮ 'ವಿಪರ್ಯಾಸ'ಕ್ಕೆ ನೆಂಟನಾದ ಪದ. ಜೂನ್ 6ರಂದು ಅರಬ್ಬೀ ಸಮುದ್ರದಲ್ಲಿ ಚಂಡಮಾರುತವಾಗಿ ಬೆಳೆದ ಇದು ಮುಂದಿನ ಕೆಲವು ದಿನ ಎತ್ತ ಹೋಗುತ್ತದೆಂದು ಹೇಳುವುದೇ ಕಷ್ಟವಾಯಿತು. ಕಂಪ್ಯೂಟರ್ ಲೆಕ್ಕಗಳಲ್ಲಿ ಒಂದು ಒಮಾನ್ ದಿಕ್ಕು ತೋರಿಸಿದರೆ ಇನ್ನೊಂದು ಪಾಕಿಸ್ತಾನದ ದಿಕ್ಕು ತೋರಿಸುತ್ತಿತ್ತು. ಜೂನ್ 10ರ ಸುಮಾರಿಗೆ, ಇದು ಗುಜರಾತಿಗೆ ನೇರವಾಗಿ ಅಪ್ಪಳಿಸಲಾರದು, ಪೋರಬಂದರಿನಿಂದ 200-300 ಕಿ.ಮೀ. ದೂರದಲ್ಲಿ ಹಾದುಹೋಗಬಹುದು ಎಂಬ ಸುದ್ದಿ ಬಂತು. ಮರುದಿನವೇ ಮಾತು ಬದಲಾಯಿತು. ಮಾಂಡ್ವಿ ಮತ್ತು ಕರಾಚಿಯ ನಡುವೆ ಎಲ್ಲಾದರೂ ಜೂನ್ 15ರ ವೇಳೆಗೆ ದಡ ಸೇರಲಿದೆ ಎಂದು ಹವಾಮಾನ ಇಲಾಖೆ ತಿಳಿಸಿತು.

ಹೀಗೇಕಾಯಿತು? ಚಂಡಮಾರುತ ಎಷ್ಟೇ ಬಲಶಾಲಿಯಾಗಿದ್ದರೂ ತನ್ನ ದಾರಿಯನ್ನು ತಾನೇ ಆರಿಸಿಕೊಳ್ಳುವುದಿಲ್ಲ. ಅದರ ಸುತ್ತಲಿನ ಮೇಲ್ಮಟ್ಟದ ಗಾಳಿ ಅದನ್ನು ಕೊಂಡೊಯ್ಯುತ್ತದೆ. ಹೊಳೆಯಲ್ಲಿ ತೇಲಿ ಬರುವ ತೆಂಗಿನಕಾಯಿಯನ್ನು ನೋಡಿ. ನೀರಿನ ಸೆಳೆತ ಒಂದೇ ಕಡೆಗಿದ್ದರೆ ಅದು ಎಲ್ಲಿ ತಲುಪುತ್ತದೆಂದು ಮಕ್ಕಳೂ ಹೇಳಬಲ್ಲರು. ಆದರೆ ಬಂಡೆಯೊಂದು ಅಡ್ಡ ಬಂದು ಹೊಳೆ ಎರಡಾಗುವಲ್ಲಿ ಕಾಯಿ ನಿಂತು ತಿರುಗತೊಡಗಿದರೆ? ಎಡಕ್ಕೋ ಬಲಕ್ಕೋ ಎಂದು ತೀರ್ಮಾನಿಸಲು ಒಂದು ಸಣ್ಣ ಅಲೆ ಸಾಕು. ಬಿಪರ್‌ಜಾಯ್‌ನ ಎರಡೂ ಕಡೆ ಅಧಿಕ ಒತ್ತಡದ ಪ್ರದೇಶಗಳಿದ್ದವು. ಅದನ್ನು ಒಂದೇ ದಿಕ್ಕಿಗೆ ಎಳೆಯುವ ಬಲವಾದ ಗಾಳಿ ಇರಲಿಲ್ಲ. ಹಾಗಾಗಿ ಅದು ನಿಧಾನವಾಗಿ, ಅಡ್ಡಾದಿಡ್ಡಿ ಸಾಗಿತು.

ಮಾನ್ಸೂನ್ ಎಂಬ ಪದ ಬಂದದ್ದು ಅರಬಿಯ 'ಮೌಸಿಮ್'ನಿಂದ. ಕಾಲ, ಋತು ಎಂದರ್ಥ. ಇದೇ ಕಡಲಿನಲ್ಲಿ ಹಾಯಿಹಡಗು ನಡೆಸಿದ ಅರಬ್ ನಾವಿಕರು ಗಾಳಿಯ ಕಾಲವನ್ನು ಅರಿತೇ ಪ್ರಯಾಣ ಹೊರಡುತ್ತಿದ್ದರು. ಚಂಡಮಾರುತಕ್ಕೂ ಒಂದು ಮೌಸಿಮ್ ಇದೆ. ಮಳೆಗಾಲಕ್ಕೆ ಸ್ವಲ್ಪ ಮೊದಲು ಮತ್ತು ಅದರ ನಂತರ. ಆದರೆ ಅದಕ್ಕೆ ಗೊತ್ತುಪಡಿಸಿದ ದಾರಿಯಿಲ್ಲ.

"ಹಾಗಾದರೆ ರೇಡಾರ್ ಇದೆಯಲ್ಲ, ಅದರಲ್ಲಿ ನೋಡಿ ಹೇಳಬಾರದೇ?" ಎಂದು ತರಗತಿಯಲ್ಲಿ ಮಕ್ಕಳು ಕೇಳುತ್ತಾರೆ. ಒಳ್ಳೆಯ ಪ್ರಶ್ನೆ. ರೇಡಾರ್ ಎಂದರೆ ಕತ್ತಲಲ್ಲಿ ಟಾರ್ಚ್ ಬಿಟ್ಟು ನೋಡಿದ ಹಾಗೆ. ಅದು ರೇಡಿಯೋ ಅಲೆಗಳನ್ನು ಕಳುಹಿಸುತ್ತದೆ. ಮಳೆಹನಿಗಳಿಗೆ ತಾಗಿ ಹಿಂತಿರುಗಿದ ಅಲೆಯಿಂದ ಮಳೆ ಎಲ್ಲಿದೆ, ಎಷ್ಟು ಜೋರಾಗಿದೆ ಎಂದು ತಿಳಿಯುತ್ತದೆ. ರೈಲು ಹತ್ತಿರ ಬರುವಾಗ ಅದರ ಸೀಟಿಯ ಸ್ವರ ಏರಿ, ದೂರ ಹೋಗುವಾಗ ಇಳಿಯುವುದನ್ನು ನೀವು ಕೇಳಿರಬಹುದು. ಅದೇ ತತ್ವದಿಂದ ಡಾಪ್ಲರ್ ರೇಡಾರ್ ಗಾಳಿಯ ವೇಗವನ್ನೂ ಅಳೆಯುತ್ತದೆ. ಗುಜರಾತಿನ ಭುಜ್‌ನಲ್ಲಿ ಇಂಥ ರೇಡಾರ್ ಇದೆ. ಬಲವಾದ ಚಂಡಮಾರುತ ಹತ್ತಿರ ಬಂದಾಗ ಅದರ ಪರದೆಯಲ್ಲಿ ಮಳೆಯ ಪಟ್ಟಿಗಳು ಸುತ್ತುವುದೂ, ನಡುವೆ ಉದ್ದಿನ ವಡೆಯ ತೂತಿನಂತೆ ಅದರ 'ಕಣ್ಣು' ಇರುವುದೂ ಕಾಣುತ್ತದೆ.

ಆದರೆ ಈ ಟಾರ್ಚಿಗೂ ಒಂದು ಮಿತಿಯಿದೆ. ಭೂಮಿ ದುಂಡಗಿರುವುದರಿಂದ ರೇಡಾರಿನ ಅಲೆ ದೂರ ಹೋದಂತೆ ನೆಲದಿಂದ ಮೇಲೇರುತ್ತದೆ. 250 ಕಿ.ಮೀ. ದೂರ ತಲುಪುವಾಗ ಅದು ಐದಾರು ಕಿಲೋಮೀಟರ್ ಎತ್ತರದಲ್ಲಿರುತ್ತದೆ. ಅದಕ್ಕೂ ಬಹಳ ದೂರದ ಕಡಲನ್ನು ಉಪಗ್ರಹವೇ ನೋಡಬೇಕು. ಅಂದರೆ, ರೇಡಾರಿನಲ್ಲಿ ಬಿರುಗಾಳಿ ಸ್ಪಷ್ಟವಾಗಿ ಕಂಡಿತೆಂದರೆ ಅದು ಬಾಗಿಲ ಬಳಿ ಬಂದಿದೆ ಎಂದೇ ಅರ್ಥ. 300 ಕಿ.ಮೀ. ದೂರದಲ್ಲಿರುವ ಚಂಡಮಾರುತ ಗಂಟೆಗೆ 12 ಕಿ.ಮೀ. ವೇಗದಲ್ಲಿ ಮುಂದೆ ಸಾಗಿದರೆ ಉಳಿಯುವುದು 25 ಗಂಟೆ. ಕಣ್ಣಿನ ಭಾಗ ಬರುವ ಎಷ್ಟೋ ಗಂಟೆ ಮೊದಲೇ ಗಾಳಿ ಮಳೆ ಶುರುವಾಗಿ, ಮರ ಬಿದ್ದು, ರಸ್ತೆ ಮುಚ್ಚಿರುತ್ತದೆ.

ಇಲ್ಲಿಯೇ ವಿಷಯದ ತಿರುಳಿರುವುದು. ದೂರದಲ್ಲಿರುವಾಗ ನಮಗೆ ಸಮಯವಿರುತ್ತದೆ, ಖಚಿತತೆ ಇರುವುದಿಲ್ಲ. ಹತ್ತಿರ ಬಂದಾಗ ಖಚಿತತೆ ಇರುತ್ತದೆ, ಸಮಯವಿರುವುದಿಲ್ಲ. ಎರಡೂ ಒಟ್ಟಿಗೆ ಸಿಗುವುದು ಬಹಳ ಅಪರೂಪ. ಆದ್ದರಿಂದ ಹೊರಡುವ ತೀರ್ಮಾನವನ್ನು ಅನುಮಾನ ಉಳಿದಿರುವಾಗಲೇ ಮಾಡಬೇಕಾಗುತ್ತದೆ.

ಇಲಾಖೆಯ ನಕ್ಷೆಯಲ್ಲಿ ಒಂದು ಗೆರೆಯ ಸುತ್ತ, ಮುಂದೆ ಹೋದಂತೆ ಅಗಲವಾಗುವ ಪಟ್ಟಿಯೊಂದಿರುತ್ತದೆ. ಅದು ಬಿರುಗಾಳಿಯ ಗಾತ್ರವಲ್ಲ. ಅದರ ಕೇಂದ್ರ ಎಲ್ಲೆಲ್ಲಿ ಇರಬಹುದು ಎಂಬುದರ ಅಂದಾಜು. ಇತ್ತೀಚಿನ ವರ್ಷಗಳ ಸರಾಸರಿಯಂತೆ ಒಂದು ದಿನ ಮುಂಚಿನ ಮುನ್ಸೂಚನೆಯಲ್ಲಿ ಸುಮಾರು 75 ಕಿ.ಮೀ., ಮೂರು ದಿನ ಮುಂಚಿನದರಲ್ಲಿ ಸುಮಾರು 150 ಕಿ.ಮೀ. ವ್ಯತ್ಯಾಸ ಬರುತ್ತದೆ. ಮಂಗಳೂರಿನಿಂದ ಭಟ್ಕಳದಷ್ಟು ದೂರ ಎಂದುಕೊಳ್ಳಿ. ಹಾಗಾಗಿ ಗೆರೆಯನ್ನು ನೋಡಬೇಡಿ, ಪಟ್ಟಿಯನ್ನು ನೋಡಿ. ನಿಮ್ಮ ಊರು ಅದರೊಳಗಿದ್ದರೆ ಸುದ್ದಿ ನಿಮಗಾಗಿಯೇ ಬಂದಿದೆ. ಪಟ್ಟಿಯ ಹೊರಗಿದ್ದರೂ ನಿಶ್ಚಿಂತೆಯಿಂದ ಕೂರುವಂತಿಲ್ಲ. ಬಿಪರ್‌ಜಾಯ್ ನೂರಾರು ಕಿಲೋಮೀಟರ್ ದೂರದಲ್ಲಿದ್ದಾಗಲೇ, ಜೂನ್ 12ರಂದು, ಮುಂಬಯಿಯ ಜುಹು ಕಡಲಿಗಿಳಿದ ನಾಲ್ವರು ಹುಡುಗರು ಅಲೆಗಳ ಪಾಲಾದರು.

ಗುಜರಾತಿನವರು ಗೆರೆ ಖಚಿತವಾಗಲಿ ಎಂದು ಕಾಯಲಿಲ್ಲ. ಸಿಕ್ಕಿದ ಮೂರು ನಾಲ್ಕು ದಿನಗಳಲ್ಲಿ ಸುಮಾರು ಒಂದು ಲಕ್ಷ ಜನರನ್ನು ಸುರಕ್ಷಿತ ಸ್ಥಳಗಳಿಗೆ ಸಾಗಿಸಿದರು. ಗಡಿಯಾಚೆ ಸಿಂಧ್ ಪ್ರಾಂತದಲ್ಲಿಯೂ ಎಂಬತ್ತು ಸಾವಿರದಷ್ಟು ಜನರನ್ನು ತೆರವುಗೊಳಿಸಲಾಯಿತು. ಹೆರಿಗೆಯ ದಿನ ಹತ್ತಿರವಿದ್ದ 1,100ಕ್ಕೂ ಹೆಚ್ಚು ಗರ್ಭಿಣಿಯರನ್ನು ಮೊದಲೇ ಆಸ್ಪತ್ರೆಗಳಿಗೆ ಸೇರಿಸಲಾಗಿತ್ತು. ಅವರಲ್ಲಿ 700ರಷ್ಟು ತಾಯಂದಿರು ಆ ದಿನಗಳಲ್ಲಿಯೇ ಹೆತ್ತರು. ಜೂನ್ 15ರ ಸಂಜೆ ಜಖೌ ಬಂದರಿನ ಬಳಿ ಬಿರುಗಾಳಿ ದಡ ಹತ್ತಿತು. ಸಾವಿರಾರು ವಿದ್ಯುತ್ ಕಂಬಗಳು ಉರುಳಿದವು, ಹಳ್ಳಿಗಳು ಕತ್ತಲಲ್ಲಿ ಮುಳುಗಿದವು. ಆದರೆ ಅದು ದಡ ದಾಟಿದ ಬಳಿಕ ರಾಜ್ಯದಲ್ಲಿ ಜೀವಹಾನಿಯಾಗಲಿಲ್ಲ ಎಂದು ಅಧಿಕಾರಿಗಳು ತಿಳಿಸಿದರು. ಇದೇ ಕಛ್‌ನ ಕಾಂಡ್ಲಾದಲ್ಲಿ 1998ರ ಜೂನ್ 9ರಂದು ಬಂದ ಚಂಡಮಾರುತಕ್ಕೆ ಸಾವಿರಕ್ಕೂ ಹೆಚ್ಚು ಜನ ಬಲಿಯಾಗಿದ್ದರು. ಅವರಲ್ಲಿ ಉಪ್ಪಿನ ಗದ್ದೆಗಳ ಬಡ ಕೂಲಿಯವರೇ ಅನೇಕರು.

ಈಗ ನಮ್ಮ ಮನೆಯ ಮಾತಿಗೆ ಬರೋಣ. ಸಮಯವಿರುವಾಗ ಹೊರಡಬೇಕು ಸರಿ, ಆದರೆ ಹೊರಡೋಣ ಎಂದು ಹೇಳುವವರು ಯಾರು? 1991ರ ಏಪ್ರಿಲ್ 29ರ ರಾತ್ರಿ ಬಾಂಗ್ಲಾದೇಶದ ಚಿತ್ತಗಾಂಗ್ ಕರಾವಳಿಗೆ ಅಪ್ಪಳಿಸಿದ ಚಂಡಮಾರುತದಲ್ಲಿ ಸುಮಾರು 1 ಲಕ್ಷ 38 ಸಾವಿರ ಜನ ತೀರಿಕೊಂಡರು. ಗಂಡಸರಿಗಿಂತ ಹೆಂಗಸರ ಸಾವಿನ ಪ್ರಮಾಣ ಬಹಳ ಹೆಚ್ಚಾಗಿತ್ತು. ಎಚ್ಚರಿಕೆ ಬಂದಿತ್ತು. ಆದರೆ ಗಂಡ ಬರಲಿ ಎಂದು ಕಾದವರಿದ್ದರು. ಪರಗಂಡಸರು ತುಂಬಿದ ಆಶ್ರಯ ಕಟ್ಟಡಕ್ಕೆ ಹೇಗೆ ಹೋಗುವುದೆಂದು ಹಿಂಜರಿದವರಿದ್ದರು. ಕೈಯಲ್ಲಿ ಮಕ್ಕಳನ್ನು ಹಿಡಿದು ನೀರಿನೆದುರು ಓಡಲಾರದವರಿದ್ದರು. ಅದನ್ನು ಓದುವಾಗ ಎದೆ ಭಾರವಾಗುತ್ತದೆ. ಆ ದೇಶ ಅದರಿಂದ ಪಾಠ ಕಲಿಯಿತು ಎಂಬುದು ಸಮಾಧಾನದ ಮಾತು. ಇಂದು ಅಲ್ಲಿನ ಚಂಡಮಾರುತ ಸನ್ನದ್ಧತಾ ಕಾರ್ಯಕ್ರಮದ ಸುಮಾರು 76 ಸಾವಿರ ಸ್ವಯಂಸೇವಕರಲ್ಲಿ ಅರ್ಧದಷ್ಟು ಮಹಿಳೆಯರು. ಮನೆಯೊಳಗಿನ ಹೆಂಗಸಿಗೆ ಇನ್ನೊಬ್ಬ ಹೆಂಗಸೇ ಹೋಗಿ, "ಬನ್ನಿ, ಹೊರಡೋಣ" ಎನ್ನುತ್ತಾಳೆ.

ನಮ್ಮ ಕರಾವಳಿಯಲ್ಲಿಯೂ ಎಷ್ಟೋ ಮನೆಗಳ ಗಂಡಸರು ಗಲ್ಫಿನಲ್ಲಿದ್ದಾರೆ, ಇನ್ನೆಷ್ಟೋ ಮಂದಿ ಕಡಲಿನಲ್ಲಿ. 2021ರ ಮೇ ತಿಂಗಳಲ್ಲಿ 'ತೌಕ್ತೆ' ನಮ್ಮ ತೀರದ ಪಕ್ಕದಲ್ಲೇ ಹಾದುಹೋದಾಗ ದಡದ ಮನೆಗಳ ಗತಿ ಏನಾಯಿತೆಂದು ನೋಡಿದ್ದೇವೆ. ಅಂಥ ಹೊತ್ತಿನಲ್ಲಿ ದುಬೈಗೆ ಫೋನು ಮಾಡಿ ಅಭಿಪ್ರಾಯ ಕೇಳುವಷ್ಟರಲ್ಲಿ ಟವರ್ ಕೈಕೊಟ್ಟಿರುತ್ತದೆ. ಆದ್ದರಿಂದ ಮನೆಯವರೆಲ್ಲ ಕೂತು ಈ ಮಾತನ್ನು ಮೊದಲೇ ಇತ್ಯರ್ಥ ಮಾಡಿಕೊಳ್ಳಿ. ಇಲಾಖೆ ಎಚ್ಚರಿಕೆ ಕೊಟ್ಟರೆ ಹೊರಡುವುದು ಯಾರ ಮನೆಗೆ? ನಡೆಯಲಾರದ ಅತ್ತೆಯನ್ನೋ ಮಾವನನ್ನೋ ಕರೆದೊಯ್ಯುವವರು ಯಾರು? ಮನೆಯಲ್ಲಿರುವ ಹೆಣ್ಣು "ಹೊರಡೋಣ" ಎಂದರೆ ಅದೇ ಅಂತಿಮ ಮಾತು ಎಂದು ಗಂಡಸರೂ ಒಪ್ಪಿರಲಿ. ರೇಷನ್ ಕಾರ್ಡು, ಆಧಾರ್, ಜಾಗದ ಪತ್ರ, ನಿಕಾಹ್ ದಾಖಲೆ, ಹಿರಿಯರ ಮಾತ್ರೆಗಳು ಒಂದೇ ಪ್ಲಾಸ್ಟಿಕ್ ಚೀಲದಲ್ಲಿರಲಿ. ಟಾರ್ಚು, ಚಾರ್ಜು ಮಾಡಿದ ಮೊಬೈಲು, ಕುಡಿಯುವ ನೀರು ಜೊತೆಗಿರಲಿ. ಹೊರಡುವಾಗ ಗ್ಯಾಸ್ ಮತ್ತು ಮೈನ್ ಸ್ವಿಚ್ ಆರಿಸಲು ಮರೆಯಬೇಡಿ.

"ಹೋದೆವು, ಆದರೆ ಏನೂ ಆಗಲಿಲ್ಲವಲ್ಲ" ಎಂದು ನೆರೆಯವರು ನಕ್ಕರೆ ನಗಲಿ. ಬಿರುಗಾಳಿ ಬೇರೆಡೆಗೆ ತಿರುಗಿದರೆ ನಿಮಗೆ ನಷ್ಟವಾಗುವುದು ಒಂದು ರಾತ್ರಿಯ ನಿದ್ದೆ, ಒಂದಿಷ್ಟು ಆಟೋ ಬಾಡಿಗೆ. ತಿರುಗದಿದ್ದರೆ ಉಳಿಯುವುದು ಮಕ್ಕಳ ಪ್ರಾಣ. ಮುಂದಿನ ಸಲ ಟಿ.ವಿ.ಯಲ್ಲಿ "ದಾರಿ ಇನ್ನೂ ಖಚಿತವಾಗಿಲ್ಲ" ಎಂದಾಗ ಚಾನೆಲ್ ಬದಲಿಸಬೇಡಿ. ನಿಮಗಿನ್ನೂ ಸಮಯವಿದೆ ಎಂದು ಅವರು ಹೇಳುತ್ತಿದ್ದಾರೆ. ಆ ಸಮಯವನ್ನು ಬಳಸಿಕೊಳ್ಳಿ.