ಕಂಠಪಾಠದ ಆಚೆಗೆ



ಬೇಸಿಗೆ ರಜೆ ಬಂತೆಂದರೆ ನಮ್ಮ ಮಠಗಳಲ್ಲಿ ಮಕ್ಕಳ ಶಿಬಿರಗಳು ಆರಂಭವಾಗುತ್ತವೆ. ವಚನ ಕಂಠಪಾಠ ಸ್ಪರ್ಧೆಯಿಲ್ಲದ ಶಿಬಿರ ಅಪರೂಪ. ಅಂಥದೊಂದು ಸ್ಪರ್ಧೆಗೆ ನಾನು ತೀರ್ಪುಗಾರನಾಗಿದ್ದೆ. ಬಾಲಕಿಯೊಬ್ಬಳು ಒಂದಕ್ಷರವೂ ತಪ್ಪದೆ ಇಪ್ಪತ್ತೈದು ವಚನ ಹೇಳಿದಳು. ಬಹುಮಾನ ಕೊಡುವಾಗ, "ಇವುಗಳಲ್ಲಿ ಯಾವ ಮಾತು ಪಾಲಿಸಲು ಕಷ್ಟ ಅನ್ನಿಸಿತು, ತಾಯಿ?" ಎಂದು ಕೇಳಿದೆ. ಮಗು ಬೆದರಿ ಶಿಕ್ಷಕರ ಮುಖ ನೋಡಿತು. ತಪ್ಪು ಅವಳದಲ್ಲ, ಅಂಥ ಪ್ರಶ್ನೆಯನ್ನು ಅವಳಿಗೆ ಯಾರೂ ಕೇಳಿರಲಿಲ್ಲ.

ಆದರೆ ನಮ್ಮ ಧರ್ಮ ಬೆಳೆದದ್ದೇ ಪ್ರಶ್ನೆಯಿಂದ. ಅಕ್ಕನಿಗಿಲ್ಲದ ಜನಿವಾರ ತನಗೇಕೆ ಎಂದು ಬಾಲಕ ಬಸವಣ್ಣ ಕೇಳಿದನೆಂದು ನಾವೇ ಹೆಮ್ಮೆಯಿಂದ ಹೇಳುತ್ತೇವೆ. ಶೂನ್ಯಸಂಪಾದನೆ ಉದ್ದಕ್ಕೂ ಸಂವಾದದ ರೂಪದಲ್ಲಿದೆ. ಕಲ್ಯಾಣಕ್ಕೆ ಬಂದ ಅಕ್ಕಮಹಾದೇವಿಯನ್ನು ಅಲ್ಲಮಪ್ರಭುಗಳು ಕಠಿಣವಾಗಿ ಪ್ರಶ್ನಿಸಿದರು. ಅವಳು ಉತ್ತರಿಸಿಯೇ ಗೌರವ ಪಡೆದಳು. ಆ ಪರಂಪರೆಯ ಮಕ್ಕಳಿಗೆ ನಾವು ಉರು ಹೊಡೆಯುವುದನ್ನಷ್ಟೇ ಕಲಿಸಿದರೆ ಹೇಗೆ?

ಸೇತುವೆ ಕಟ್ಟುವವನು ಮೊದಲು ಸಿಮೆಂಟಿನ ಲೆಕ್ಕ ಹಾಕುವುದಿಲ್ಲ. ಈ ಹಳ್ಳದಲ್ಲಿ ಮಹಾಪೂರ ಬಂದರೆ ಎಷ್ಟು ನೀರು ಹರಿದೀತು ಎಂದು ಕೇಳಿಕೊಳ್ಳುತ್ತಾನೆ. ಉದ್ದ, ಎತ್ತರ, ಕಂಬಗಳ ಸಂಖ್ಯೆ ಎಲ್ಲವೂ ಆ ಪ್ರಶ್ನೆಯಿಂದ ಹುಟ್ಟುತ್ತವೆ. ಪಾಠಕ್ರಮವೂ ಹಾಗೆಯೇ. ಎಷ್ಟು ವಚನ ಎಂಬುದಕ್ಕಿಂತ ಮೊದಲು, ಮಗು ಯಾವ ಪ್ರಶ್ನೆಯನ್ನು ಮನೆಗೆ ಕೊಂಡೊಯ್ಯಬೇಕು ಎಂಬುದು ತೀರ್ಮಾನವಾಗಬೇಕು.

ಆಯ್ದಕ್ಕಿ ಮಾರಯ್ಯ–ಲಕ್ಕಮ್ಮರ ಕಥೆಯನ್ನೇ ನೋಡಿ. ಮಾರಯ್ಯ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದ. ಲಕ್ಕಮ್ಮ ಅದನ್ನು ಮರಳಿ ಸುರಿದು ಬರಲು ಹೇಳಿದಳು. "ಲಕ್ಕಮ್ಮ ಏನೆಂದಳು?" ಎಂದರೆ ಉತ್ತರ ಒಂದೇ ಸಾಲು. "ಚೆಲ್ಲಿಬಿದ್ದ ಅಕ್ಕಿ ತಾನೆ, ತಂದರೆ ಯಾರಿಗೆ ನಷ್ಟ?" ಎಂದು ಕೇಳಿ, ಮಕ್ಕಳು ತಮ್ಮತಮ್ಮಲ್ಲೇ ವಾದಕ್ಕಿಳಿಯುತ್ತಾರೆ. ಬಳಿಕ "ನಮ್ಮ ಮನೆಯಲ್ಲಿ ಅಂಥ ಹೆಚ್ಚಿನ ಅಕ್ಕಿ ಯಾವುದು?" ಎಂದು ಕೇಳಿ. ಮೊದಲು ಕಥೆ, ಆಮೇಲೆ ಕಾರಣ, ಕೊನೆಗೆ ಬದುಕು. ಒಂದು ತರಗತಿಗೆ ಇಷ್ಟು ಸಾಕು.

ಕೇಳಿದ ಮೇಲೆ ಕಾಯಬೇಕು. ಅಮೆರಿಕದ ಶಿಕ್ಷಣತಜ್ಞೆ ಮೇರಿ ಬಡ್ ರೋ ತರಗತಿಗಳನ್ನು ಗಮನಿಸಿದಾಗ, ಶಿಕ್ಷಕರು ಉತ್ತರಕ್ಕಾಗಿ ಸಾಮಾನ್ಯವಾಗಿ ಒಂದು ಸೆಕೆಂಡಿನಷ್ಟೂ ಕಾಯುತ್ತಿರಲಿಲ್ಲ. ಕಾಯುವಿಕೆ 3 ಸೆಕೆಂಡು ದಾಟಿದಾಗ ಉತ್ತರಗಳು ದೀರ್ಘವಾದವು, ಸುಮ್ಮನಿರುತ್ತಿದ್ದ ಮಕ್ಕಳೂ ಬಾಯಿಬಿಟ್ಟರು.

ಒಂದು ಎಚ್ಚರಿಕೆ. ಕೇಳಲು ಕಲಿತ ಮಗು ನಮ್ಮನ್ನೂ ಕೇಳುತ್ತದೆ. ಮಧುವರಸ–ಹರಳಯ್ಯರ ಮಕ್ಕಳ ಮದುವೆಯ ಪಾಠವಾದ ಸಂಜೆ, "ಅಪ್ಪಾ, ನಮ್ಮ ಮನೆಯಲ್ಲಿ ಅಂಥ ಮದುವೆಗೆ ಒಪ್ಪುತ್ತೀರಾ?" ಎನ್ನುತ್ತದೆ. ನನ್ನ ಉಪಪಂಗಡ, ನಿನ್ನ ಉಪಪಂಗಡ ಎಂದು ಸಂಬಂಧ ಹುಡುಕುವ ನಮ್ಮ ಬಳಿ ಉತ್ತರವಿದೆಯೇ? ಕಂಠಪಾಠ ನಮಗೆ ಪ್ರಿಯವಾಗಿರುವುದು ಅದು ನಮ್ಮನ್ನು ಪ್ರಶ್ನಿಸುವುದಿಲ್ಲ ಎಂಬ ಕಾರಣಕ್ಕೂ ಇರಬಹುದು.

ಕಂಠಪಾಠ ಬೇಡವೆಂದಲ್ಲ, ನಾಲಿಗೆಯಲ್ಲಿದ್ದ ವಚನ ಆಪತ್ತಿನಲ್ಲಿ ನೆನಪಾಗುತ್ತದೆ. ಪೂಜ್ಯರಲ್ಲಿ, ಶಿಬಿರದ ಸಂಚಾಲಕರಲ್ಲಿ ನನ್ನ ವಿನಂತಿ ಇಷ್ಟೇ: ಈ ಸಲ ಇನ್ನೊಂದು ಬಹುಮಾನವನ್ನೂ ಇಡಿ, ಒಳ್ಳೆಯ ಪ್ರಶ್ನೆ ಕೇಳಿದ ಮಗುವಿಗೆ. ಸಮಾರೋಪದ ದಿನ ಆ ಪ್ರಶ್ನೆಗೆ ವೇದಿಕೆಯ ಮೇಲಿನ ಹಿರಿಯರು ಉತ್ತರಿಸಲಿ.