ಫೈಲ್ ಪಾಥ್ ಹುಡುಕಲು ರೆಜೆಕ್ಸ್ ಸಾಕೆ?

ಜಿಲ್ಲೆ, ಊರು, ವರ್ಷ ಎಂದು ಫೋಲ್ಡರುಗಳಲ್ಲಿ ಜೋಡಿಸಿಟ್ಟ ಸಾವಿರಾರು ಪಹಣಿ ಸ್ಕ್ಯಾನುಗಳಿವೆ ಎನ್ನಿ. ಪ್ರೋಗ್ರಾಂ ಅವುಗಳಲ್ಲಿ ಕಲಬುರಗಿ ಜಿಲ್ಲೆಯ ಗುಂಡಗುರ್ತಿ ಊರಿನವನ್ನಷ್ಟೇ ಆರಿಸಬೇಕು. ಇಡೀ ಪಾಥ್‌ಗೆ ಒಂದು ರೆಗ್ಯುಲರ್ ಎಕ್ಸ್‌ಪ್ರೆಶನ್, ಅಂದರೆ ರೆಜೆಕ್ಸ್, ಬರೆದರೆ ಆಯಿತೆ?

ಪರ

ಆಯಿತು. 2014ರ ನವೆಂಬರ್ 1ರಂದು ಗುಲ್ಬರ್ಗಾ ಕಲಬುರಗಿಯಾಯಿತು. ಹಳೆಯ ಫೋಲ್ಡರುಗಳ ಹೆಸರನ್ನು ಕೂತು ತಿದ್ದುವವರು ಯಾರು? ರೆಜೆಕ್ಸ್‌ನಲ್ಲಿ ಎರಡೂ ಹೆಸರು ಬರೆದು ನಡುವೆ ಪೈಪ್ ಚಿಹ್ನೆ ಹಾಕಿದರೆ ಹಳತೂ ಸಿಕ್ಕಿತು, ಹೊಸತೂ ಸಿಕ್ಕಿತು. ಜೊತೆಗೆ ವರ್ಷ ಮತ್ತು ಸರ್ವೆ ನಂಬರನ್ನು ಬೇರೆ ಬೇರೆ ಬಿಡಿಸಿಯೂ ಕೊಡುತ್ತದೆ; ನಕ್ಷತ್ರ ಹಾಕಿ ಹುಡುಕುವ ಗ್ಲಾಬ್‌ಗೆ ಅದು ಸಾಧ್ಯವಿಲ್ಲ. ಪಠ್ಯ ಹುಡುಕಲು ಕೆನ್ ಥಾಂಪ್ಸನ್ 1968ರಲ್ಲಿ ಬಳಕೆಗೆ ತಂದ ಈ ವಿದ್ಯೆ ಇಂದಿಗೂ ಸವೆದಿಲ್ಲ.

ವಿರೋಧ

ಪಾಥ್ ಬರೀ ಪಠ್ಯವಲ್ಲ, ಅದಕ್ಕೊಂದು ರಚನೆಯಿದೆ. ವಾಡಿ ಎಂಬ ಊರಿನ ಫೈಲು ಬೇಕೆಂದು ‘ವಾಡಿ’ ಎಂದಷ್ಟೇ ಬರೆದರೆ ‘ಅಂಗನವಾಡಿ’ ಫೋಲ್ಡರೂ ಎದ್ದು ಬರುತ್ತದೆ. ಫೈಲಿನ ಹೆಸರಿನಲ್ಲಿರುವ ಚುಕ್ಕೆ ರೆಜೆಕ್ಸ್‌ಗೆ ‘ಯಾವ ಅಕ್ಷರವಾದರೂ ಸರಿ’ ಎಂಬ ಅಪ್ಪಣೆ. ವಿಂಡೋಸ್‌ನಲ್ಲಿ ಫೋಲ್ಡರು ಬೇರ್ಪಡಿಸುವ ಬ್ಯಾಕ್‌ಸ್ಲ್ಯಾಶ್‌ಗೂ ರೆಜೆಕ್ಸ್‌ನಲ್ಲಿ ಬೇರೆಯೇ ಕೆಲಸ.

ಕನ್ನಡದ ಹೆಸರಿಗೆ ಬಂದರಂತೂ ಪೇಚು ಇನ್ನೂ ಹೆಚ್ಚು. ಪೈಥಾನಿನ ‘ರೆ’ ಮಾಡ್ಯೂಲಿನಲ್ಲಿ ಪದಕ್ಕೆಂದೇ ಇರುವ ಬ್ಯಾಕ್‌ಸ್ಲ್ಯಾಶ್-ಡಬ್ಲ್ಯು, ನಮ್ಮ ಕೊಂಬು, ಸೊನ್ನೆ, ಗುಡಿಸುಗಳನ್ನು ಅಕ್ಷರವೆಂದೇ ಎಣಿಸುವುದಿಲ್ಲ. ಗುಂಡಗುರ್ತಿ ಅದರ ಕೈಯಲ್ಲಿ ಗ, ಡಗ, ರ, ತ ಎಂದು ನಾಲ್ಕು ಚೂರಾಗುತ್ತದೆ. ಮೇಲಾಗಿ ಒಬ್ಬರು ಅರ್ಕಾವೊತ್ತು ಹಾಕಿ ‘ಗುಂಡಗುರ್ತಿ’ ಎಂದು ಟೈಪಿಸಿದರೆ ಇನ್ನೊಬ್ಬರು ‘ಗುಂಡಗುರ‍್ತಿ’ ಎನ್ನುತ್ತಾರೆ. ಎರಡನೆಯದರಲ್ಲಿ ಜೀರೋ ವಿಡ್ತ್ ಜಾಯ್ನರ್ ಎಂಬ ಕಾಣದ ಅಕ್ಷರ ಸೇರಿಕೊಂಡಿರುತ್ತದೆ. ಓದುವವರಿಗೆ ಊರು ಒಂದೇ, ಯಂತ್ರಕ್ಕೆ ಎರಡು. ಎರರ್ ಕೂಡ ಬರುವುದಿಲ್ಲ. ಫೈಲು ಸುಮ್ಮನೆ ಪಟ್ಟಿಯಿಂದ ಬಿಟ್ಟುಹೋಗುತ್ತದೆ. ಅದು ಒಬ್ಬ ರೈತನ ಪಹಣಿಯಾಗಿದ್ದರೆ?

ವಿರೋಧದ ವಾದವೇ ನನಗೆ ಗಟ್ಟಿ ಎನಿಸುತ್ತದೆ. ರೆಜೆಕ್ಸ್ ಬೇಡವೆನ್ನುತ್ತಿಲ್ಲ, ಅದರ ಸರದಿ ಕೊನೆಗೆ ಬರಲಿ. ಪಾಥನ್ನು ಪಾಥ್‌ಲಿಬ್‌ನಂಥ ಲೈಬ್ರರಿಯಿಂದ ಫೋಲ್ಡರು ಫೋಲ್ಡರಾಗಿ ಬಿಡಿಸಿ. ಯೂನಿಕೋಡ್ ರೂಪವನ್ನು ಏಕರೂಪಕ್ಕೆ ತನ್ನಿ. ಅದಷ್ಟರಿಂದ ಜಾಯ್ನರ್ ಹೋಗುವುದಿಲ್ಲ, ಬೇರೆಯಾಗಿ ತೆಗೆಯಿರಿ. ಊರಿನ ಹೆಸರನ್ನು ನೇರವಾಗಿ ಹೋಲಿಸಿ, ಫೈಲಿನ ಹೆಸರಿಗೆ ಮಾತ್ರ ರೆಜೆಕ್ಸ್ ಹಚ್ಚಿ. ಪ್ರೋಗ್ರಾಂ ಬಳಕೆಗೆ ಬಿಡುವ ಮುನ್ನ ಗುಂಡಗುರ್ತಿಯನ್ನು ಎರಡೂ ಬಗೆಯಲ್ಲಿ ಟೈಪಿಸಿ ಒಮ್ಮೆ ಓಡಿಸಿ ನೋಡಿ.