ಸಾರುವೆ ಬಿಚ್ಚುವವನ ಜೀವಕ್ಕೆ ಹೊಣೆ ಯಾರು?

2025ರ ನವೆಂಬರ್‌ನಲ್ಲಿ ಮೂಡಲಗಿ ತಾಲೂಕಿನ ಗುರ್ಲಾಪುರ ಕ್ರಾಸ್ ಇಡೀ ರಾಜ್ಯದ ಗಮನ ಸೆಳೆಯಿತು. ಟನ್ ಕಬ್ಬಿಗೆ 3,500 ರೂಪಾಯಿ ದರ ಕೊಡಿ ಎಂದು ಅಲ್ಲಿ ಹಗಲು ರಾತ್ರಿ ಕುಳಿತ ರೈತರು, ಕೊನೆಗೆ 3,300 ರೂಪಾಯಿಯ ಘೋಷಣೆಯನ್ನು ಸರಕಾರದಿಂದ ಪಡೆದೇ ಎದ್ದರು. ಬೆವರಿಗೆ ಬೆಲೆ ಕೇಳುವ ಹಕ್ಕು ದುಡಿಯುವವನಿಗಿದೆ ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಅದೇ ಕಬ್ಬನ್ನು ಅರೆಯುವ ಕಾರ್ಖಾನೆಗಳ ಒಳಗೆ ಇನ್ನೊಂದು ವರ್ಗದ ದುಡಿಮೆಗಾರರಿದ್ದಾರೆ. ಅವರಿಗೆ ಕ್ರಾಸ್ ಇಲ್ಲ, ವೇದಿಕೆಯಿಲ್ಲ, ಕ್ಯಾಮೆರಾಗಳಿಲ್ಲ. ಕಬ್ಬು ಅರೆಯುವುದು ನಿಂತ ಮೇಲೆ ಅವರು ಒಳಗೆ ಬರುತ್ತಾರೆ, ಮತ್ತೆ ಅರೆಯುವುದು ಆರಂಭವಾಗುವ ಮೊದಲೇ ಹೊರಗೆ ಹೋಗಿರುತ್ತಾರೆ. ಬಾಯ್ಲರ್ ಮತ್ತು ಉಗಿ ಕೊಳವೆಗಳಿಗೆ ಶಾಖನಿರೋಧಕ ಹೊದಿಕೆ ಹಾಕುವ, ಅದಕ್ಕಾಗಿ ಸಾರುವೆ ಕಟ್ಟುವ ಮತ್ತು ಬಿಚ್ಚುವ ಗುತ್ತಿಗೆ ಕೂಲಿಗಳು ಅವರು.

ಬೆಳಗಾವಿ ಜಿಲ್ಲೆಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಸಕ್ಕರೆ ಕಾರ್ಖಾನೆಗಳಿವೆ. ಘಟಪ್ರಭಾ ಮತ್ತು ಹಿರಣ್ಯಕೇಶಿ ನದಿಗಳ ನೀರುಂಡ ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳಲ್ಲಿ ಚಿಮಣಿ ಕಾಣದ ದಿಕ್ಕು ಕಡಿಮೆ. ಸಾಮಾನ್ಯವಾಗಿ ಅಕ್ಟೋಬರ್-ನವೆಂಬರ್‌ನಲ್ಲಿ ಆರಂಭವಾಗುವ ಹಂಗಾಮು ಮಾರ್ಚ್-ಏಪ್ರಿಲ್ ಹೊತ್ತಿಗೆ ಮುಗಿಯುತ್ತದೆ. ಉಳಿದ ತಿಂಗಳುಗಳಲ್ಲಿ ದುರಸ್ತಿ. ವಿದ್ಯುತ್ತನ್ನೂ ಉತ್ಪಾದಿಸುವ ಕಾರ್ಖಾನೆಗಳ ಅಧಿಕ ಒತ್ತಡದ ಬಾಯ್ಲರ್‌ಗಳಲ್ಲಿ ಉಗಿಯ ಉಷ್ಣತೆ 400 ಡಿಗ್ರಿ ಸೆಲ್ಸಿಯಸ್ ಮೀರುತ್ತದೆ. ಆ ಉಗಿ ಸಾಗುವ ಕೊಳವೆಗೆ ಹೊದಿಕೆಯಿಲ್ಲದಿದ್ದರೆ ಶಾಖ ಗಾಳಿಗೆ ಸೋರುತ್ತದೆ, ಬಗಾಸು ಹೆಚ್ಚು ಉರಿಯುತ್ತದೆ, ಕೈ ತಗುಲಿದವನ ಚರ್ಮ ಸುಲಿಯುತ್ತದೆ. ಆದ್ದರಿಂದ ಸವೆದ ಹೊದಿಕೆಯನ್ನು ಕಿತ್ತು, ರಾಕ್ ವೂಲ್ ಅಥವಾ ಗ್ಲಾಸ್ ವೂಲ್ ಸುತ್ತಿ, ತಂತಿಯ ಜಾಲರಿ ಬಿಗಿದು, ಮೇಲೆ ಅಲ್ಯೂಮಿನಿಯಂ ತಗಡು ಹೊದಿಸುವುದು ಅನಿವಾರ್ಯ. ಕೊಳವೆಗಳು ಸಾಗುವುದು ನೆಲದ ಮೇಲಲ್ಲ, ತಲೆಯ ಮೇಲೆ. ಹೀಗಾಗಿ ಹೊದಿಕೆಯ ಕೆಲಸವೆಂದರೆ ಮೊದಲು ಸಾರುವೆಯ ಕೆಲಸ.

ಗೋಕಾಕ ಜಲಪಾತದ 52 ಮೀಟರ್ ಎತ್ತರದಿಂದ ಕೆಳಗೆ ಬಗ್ಗಿ ನೋಡಿದರೆ ಯಾರಿಗಾದರೂ ತಲೆ ತಿರುಗುತ್ತದೆ. ಆದರೆ ಮನುಷ್ಯನ ಜೀವ ಹೋಗಲು ಅಷ್ಟು ಎತ್ತರ ಬೇಕಾಗಿಲ್ಲ. ಐದಾರು ಮೀಟರ್ ಸಾಕು. ತಲೆ ಮೊದಲು ನೆಲಕ್ಕೆ ಬಡಿದರೆ ಎರಡು ಮೀಟರ್ ಕೂಡ ಸಾಕು. ಹಾಗಿದ್ದೂ ನಮ್ಮ ಅನೇಕ ಕೆಲಸದ ಸ್ಥಳಗಳಲ್ಲಿ ಸಾರುವೆಯೆಂದರೆ ನಾಲ್ಕು ಕೊಳವೆ, ಎರಡು ಹಲಗೆ ಮತ್ತು ದೇವರ ಮೇಲಿನ ಭಾರ!

ಸಾರುವೆಗೆ ತನ್ನದೇ ಆದ ಶಾಸ್ತ್ರವಿದೆ. ಭಾರತೀಯ ಮಾನಕ ಸಂಸ್ಥೆಯ ಐ.ಎಸ್. 3696 ಎಂಬ ಸುರಕ್ಷತಾ ಸಂಹಿತೆ ಸಾರುವೆ ಮತ್ತು ಏಣಿಗಳಿಗಾಗಿಯೇ ಇದೆ. ದುರಸ್ತಿಯ ಕಾಲವೇ ಮಳೆಗಾಲವಾದ್ದರಿಂದ ಕಾರ್ಖಾನೆಯ ಅಂಗಳದ ಕಪ್ಪು ಮಣ್ಣು ಒಂದೇ ಮಳೆಗೆ ಮೆತ್ತಗಾಗುತ್ತದೆ. ಕಂಬದ ಬುಡಕ್ಕೆ ಲೋಹದ ತಳಹಾಳೆ, ಅದರ ಕೆಳಗೆ ಅಗಲವಾದ ದಪ್ಪ ಹಲಗೆ ಇರಲೇಬೇಕು; ಇಟ್ಟಿಗೆ ಚೂರುಗಳನ್ನು ತುರುಕಿ ಮಟ್ಟ ಮಾಡುವುದು ಆತ್ಮವಂಚನೆ. ಕಂಬಗಳು ನೆಟ್ಟಗಿರಬೇಕು, ಅಡ್ಡಕೊಳವೆಗಳ ಜೊತೆಗೆ ಮೂಲೆಯಿಂದ ಮೂಲೆಗೆ ಓರೆ ಆಧಾರಗಳಿರಬೇಕು. ಓರೆ ಆಧಾರವಿಲ್ಲದ ಸಾರುವೆ ಇಸ್ಪೀಟಿನ ಮನೆಯಂತೆ ಒಂದೇ ಬದಿಗೆ ಮಲಗಿಬಿಡುತ್ತದೆ. ಎತ್ತರ ಹೆಚ್ಚಿದಂತೆ ಅದನ್ನು ಕಟ್ಟಡದ ಗಟ್ಟಿ ಕಂಬ-ತೊಲೆಗಳಿಗೆ ಬಿಗಿಯಬೇಕೇ ಹೊರತು, ಕೈಗೆ ಸಿಕ್ಕ ಉಗಿ ಕೊಳವೆಗೋ ವಾಲ್ವಿಗೋ ಅಲ್ಲ. ನಿಲ್ಲುವ ಅಟ್ಟಣಿಗೆಯಲ್ಲಿ ಸಂದಿಯಿಲ್ಲದೆ ಹಲಗೆ ಹಾಸಿ, ಅವು ಜಾರದಂತೆ ಕಟ್ಟಿ, ಸೊಂಟದೆತ್ತರಕ್ಕೆ ಒಂದು ಮತ್ತು ಅದರ ನಡುವೆ ಇನ್ನೊಂದು ಕಟಕಟೆ ಇಡಬೇಕು. ಉಪಕರಣ ಕೆಳಗಿದ್ದವನ ತಲೆಗೆ ಉರುಳದಂತೆ ಪಾದದ ಬಳಿ ತಡೆಹಲಗೆ ಬೇಕು. ಹತ್ತಲು ಏಣಿ ಬೇಕು. ಅಡ್ಡಕೊಳವೆ ಹಿಡಿದು ಮಂಗನಂತೆ ಏರುವುದನ್ನು ಧೈರ್ಯವೆಂದು ಹೊಗಳುವ ಚಾಳಿ ನಿಲ್ಲಬೇಕು. ಬಲ್ಲವನೊಬ್ಬ ಪರೀಕ್ಷಿಸಿ ‘ಬಳಸಬಹುದು’ ಎಂಬ ಚೀಟಿ ಕಟ್ಟುವವರೆಗೆ ಯಾರೂ ಅದರ ಮೇಲೆ ಕಾಲಿಡಬಾರದು. ಗಾಳಿ-ಮಳೆಯ ನಂತರ ಮತ್ತೊಮ್ಮೆ ನೋಡಬೇಕು.

ಹೊದಿಕೆಯ ಕೆಲಸಕ್ಕೆ ಇನ್ನೊಂದು ವಿಶೇಷ ಅಪಾಯವಿದೆ. ಸಾರುವೆ ಕಟ್ಟಿದವನು ಒಬ್ಬ, ಅದರ ಮೇಲೆ ನಿಂತು ದುಡಿಯುವವನು ಇನ್ನೊಬ್ಬ. ಕಟ್ಟುವಾಗ ಸರಿಯಾಗಿದ್ದ ಓರೆ ಆಧಾರ ಅಥವಾ ಕಟಕಟೆ, ಹೊದಿಕೆಯಿಂದ ಕೊಳವೆ ದಪ್ಪಗಾದಾಗ ಅಡ್ಡ ಬರುತ್ತದೆ, ತಗಡು ಕೂರುವುದಿಲ್ಲ. ಆಗ ಹೊದಿಕೆಯವನು ಸ್ಪ್ಯಾನರ್ ಹಾಕಿ ಆ ಒಂದು ಕೊಳವೆಯನ್ನು ಬಿಚ್ಚಿಬಿಡುತ್ತಾನೆ. ಮತ್ತೆ ಕಟ್ಟುವುದು ಮರೆತುಹೋಗುತ್ತದೆ. ಮರುದಿನ ಅದೇ ಕಟಕಟೆಯನ್ನು ನಂಬಿ ಬೆನ್ನು ಆನಿಸುವವನು ಮೂರನೆಯವನು! ತಗಡಿನ ದೊಡ್ಡ ಹಾಳೆಗಳು ಗಾಳಿಗೆ ಹಾಯಿಯಂತೆ ಉಬ್ಬಿ ಹಿಡಿದವನನ್ನೇ ಎಳೆಯುತ್ತವೆ. ಹೊದಿಸಿ ಮುಗಿದ ಕೊಳವೆ ನೋಡಲು ಗಟ್ಟಿಯಾಗಿ ಕಂಡರೂ ಒಳಗಿರುವುದು ಮೆತ್ತನೆಯ ಉಣ್ಣೆ. ಅದರ ಮೇಲೆ ಕಾಲಿಟ್ಟರೆ ತಗಡು ಕುಸಿದು ಕಾಲು ಜಾರುತ್ತದೆ. ಆದ್ದರಿಂದ ಎಷ್ಟು ದಪ್ಪದ ಹೊದಿಕೆ ಬರಲಿದೆ ಎಂಬುದನ್ನು ಮೊದಲೇ ತಿಳಿದು, ಅಷ್ಟು ಜಾಗ ಬಿಟ್ಟು ಸಾರುವೆ ಕಟ್ಟಬೇಕು. ಬದಲಾವಣೆ ಬೇಕಾದರೆ ಕಟ್ಟಿದವನನ್ನೇ ಕರೆಸಬೇಕು. ಇದು ಇಷ್ಟೇ ಸರಳ. ಆದರೆ ಇದಕ್ಕೆ ಅರ್ಧ ದಿನ ಬೇಕು, ಆ ಅರ್ಧ ದಿನವನ್ನು ಕೊಡಲು ಯಾರೂ ಸಿದ್ಧರಿರುವುದಿಲ್ಲ.

ಎಲ್ಲಕ್ಕಿಂತ ಹೆಚ್ಚು ನಿರ್ಲಕ್ಷ್ಯಕ್ಕೆ ಗುರಿಯಾಗಿರುವುದು ಬಿಚ್ಚುವ ಕೆಲಸ. ಕಟ್ಟುವಾಗ ಪ್ರತಿ ಹಂತದಲ್ಲೂ ಸಾರುವೆ ಬಲಗೊಳ್ಳುತ್ತಾ ಹೋಗುತ್ತದೆ, ಬಿಚ್ಚುವಾಗ ಪ್ರತಿ ಹಂತದಲ್ಲೂ ದುರ್ಬಲವಾಗುತ್ತದೆ. ಹಾಗಾಗಿ ಕೊನೆಗೆ ಕಟ್ಟಿದ್ದನ್ನು ಮೊದಲು ಬಿಚ್ಚುತ್ತಾ ಮೇಲಿನಿಂದ ಕೆಳಕ್ಕೆ ಬರಬೇಕು. ಕಟ್ಟಡಕ್ಕೆ ಬಿಗಿದ ಬಂಧಗಳನ್ನೂ ಓರೆ ಆಧಾರಗಳನ್ನೂ ಆ ಅಂತಸ್ತಿನ ಸರದಿ ಬರುವವರೆಗೆ ಮುಟ್ಟಬಾರದು. ಕೆಲಸ ಬೇಗ ಸಾಗಲೆಂದು ಕೆಳಗಿನ ಆಧಾರಗಳನ್ನು ಮೊದಲೇ ಸಡಿಲಿಸುವುದು, ಕುಳಿತ ಕೊಂಬೆಯನ್ನೇ ಕಡಿಯುವುದಕ್ಕೆ ಸಮ. ಸುರಕ್ಷತಾ ಬೆಲ್ಟಿನ ಕೊಕ್ಕೆಯನ್ನು ತಾನು ಬಿಚ್ಚುತ್ತಿರುವ ಕೊಳವೆಗೇ ಸಿಕ್ಕಿಸಿಕೊಂಡವನಿಗೆ ಬೆಲ್ಟು ಇದ್ದೂ ಇಲ್ಲದಂತೆ. ಕೊಳವೆ, ಹಲಗೆ, ಕ್ಲಾಂಪುಗಳನ್ನು ಮೇಲಿನಿಂದ ಎಸೆಯಬಾರದು, ಹಗ್ಗದಲ್ಲಿ ಇಳಿಸಬೇಕು. ಕೆಳಗೆ ಸುತ್ತಲೂ ಹಗ್ಗ ಕಟ್ಟಿ ಜನರನ್ನು ದೂರವಿಡಬೇಕು. ಕತ್ತಲಾದ ಮೇಲೆ, ಮಳೆಯಲ್ಲಿ ಈ ಕೆಲಸ ಕೂಡದು.

ಇದೆಲ್ಲ ಯಾರಿಗೂ ಗೊತ್ತಿಲ್ಲದ ರಹಸ್ಯವಲ್ಲ. ಆದರೂ ಏಕೆ ನಡೆಯುತ್ತಿಲ್ಲ? ಕಾರಣ ಗುತ್ತಿಗೆಯ ಲೆಕ್ಕದಲ್ಲಿದೆ. ಹೊದಿಕೆಯ ಗುತ್ತಿಗೆಯಲ್ಲಿ ದರ ನಿಗದಿಯಾಗುವುದು ಹೊದಿಸಿದ ಚದರ ಮೀಟರಿಗೆ. ಸಾರುವೆಯ ವೆಚ್ಚ ಅದರಲ್ಲೇ ಅಡಕ ಎಂಬ ಒಂದು ಸಾಲು ಎಷ್ಟೋ ಕರಾರುಗಳಲ್ಲಿ ಇರುತ್ತದೆ. ಅಂದರೆ ಸಾರುವೆಗೆ ಖರ್ಚು ಮಾಡಿದಷ್ಟೂ ಗುತ್ತಿಗೆದಾರನಿಗೆ ನಷ್ಟ. ಬಿಚ್ಚುವ ಹೊತ್ತಿಗಂತೂ ಅಳೆಯಲು ಒಂದು ಚದರ ಅಡಿಯೂ ಉಳಿದಿರುವುದಿಲ್ಲ. ಅದು ಕೂಲಿಯಿದ್ದೂ ಆದಾಯವಿಲ್ಲದ ಕೆಲಸ. ಇದರ ಮೇಲೆ ಬಾಯ್ಲರ್ ಪ್ರದೀಪನದ ದಿನಾಂಕ ಗೊತ್ತಾಗಿರುತ್ತದೆ. ಗಣ್ಯರು ಬರುವವರಿದ್ದಾರೆ, ಅಂಗಳ ಚೊಕ್ಕಟವಾಗಬೇಕು, ಸಾರುವೆ ರಾತ್ರೋರಾತ್ರಿ ಮಾಯವಾಗಬೇಕು. ನುರಿತವರು ಬೇರೆ ಕಡೆ ಹೋಗಿರುತ್ತಾರೆ. ಉಳಿದ ಹುಡುಗರನ್ನು ಮೇಲೆ ಹತ್ತಿಸಲಾಗುತ್ತದೆ. ಬೆಂಕಿ ಹೊತ್ತಿಸುವ ಶುಭಗಳಿಗೆಗಾಗಿ ಒಬ್ಬ ಬಡವನ ಮನೆಯ ದೀಪ ಆರಿದರೆ ಆ ಮುಹೂರ್ತ ಶುಭವೆನಿಸುವುದು ಹೇಗೆ?

ಕಾನೂನು ಇಲ್ಲವೆಂದಲ್ಲ. 1996ರ ಕಟ್ಟಡ ಕಾರ್ಮಿಕರ ಕಾಯಿದೆ ಸಾರುವೆಯ ಕುರಿತು ವಿವರವಾದ ನಿಯಮಗಳಿಗೆ ದಾರಿ ಮಾಡಿತು. ಆದರೆ ಕಾರ್ಖಾನೆ ಕಾಯಿದೆ ಅನ್ವಯಿಸುವ ಕೆಲಸವನ್ನು ಅದು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿತ್ತು. ನಿರ್ಮಾಣ ಹಂತದಲ್ಲಿರುವ ಕಾರ್ಖಾನೆಯ ಕಾರ್ಮಿಕರಿಗೆ ಕಟ್ಟಡ ಕಾಯಿದೆಯ ರಕ್ಷಣೆಯಿದೆ ಎಂದು 2016ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತಿತು. ನಡೆಯುತ್ತಿರುವ ಕಾರ್ಖಾನೆಯ ದುರಸ್ತಿಗೆ ಬಂದವನ ರಕ್ಷಣೆ ಕಾರ್ಖಾನೆ ಕಾನೂನಿನ ಮೇಲೆಯೇ ನಿಂತಿತ್ತು. ಆ ಕಾನೂನೂ ದುರ್ಬಲವಾಗಿರಲಿಲ್ಲ. ಎತ್ತರದಲ್ಲಿ ದುಡಿಯುವವನು ಬೀಳದಂತೆ ವ್ಯವಸ್ಥೆ ಮಾಡಬೇಕೆಂದು 1948ರ ಕಾಯಿದೆಯ 32ನೆಯ ಕಲಂ ವಿಧಿಸಿತ್ತು. ಗುತ್ತಿಗೆದಾರನ ಮೂಲಕ, ಮಾಲೀಕನಿಗೆ ಗೊತ್ತಿದ್ದೋ ಇಲ್ಲದೆಯೋ ನೇಮಕಗೊಂಡವನನ್ನೂ ಕಾರ್ಮಿಕನೆಂದೇ ಪರಿಗಣಿಸಿತ್ತು. ಗುತ್ತಿಗೆದಾರನ ಆಳು ಗಾಯಗೊಂಡರೆ ಕೆಲಸ ಮಾಡಿಸಿಕೊಂಡ ಮೂಲ ಮಾಲೀಕನಿಂದ ಪರಿಹಾರ ಕೇಳಬಹುದೆಂದು 1923ರ ಪರಿಹಾರ ಕಾಯಿದೆಯ 12ನೆಯ ಕಲಂ ಹೇಳಿತ್ತು. 2025ರ ನವೆಂಬರ್ 21ರಂದು ಜಾರಿಗೆ ಬಂದ ನಾಲ್ಕು ಕಾರ್ಮಿಕ ಸಂಹಿತೆಗಳು ಈ ಹಳೆಯ ಕಾಯಿದೆಗಳ ಸ್ಥಾನವನ್ನು ಪಡೆದಿವೆ. ಕಾಯಿದೆಯ ಹೆಸರು ಬದಲಾದ ಮಾತ್ರಕ್ಕೆ ಹೊಣೆ ಹಗುರವಾಗುವುದಿಲ್ಲ. ‘ಅವನು ನಮ್ಮ ಆಳಲ್ಲ, ಗುತ್ತಿಗೆದಾರನ ಆಳು’ ಎಂಬ ಮಾತು ನ್ಯಾಯದ ಮುಂದೆಯೂ ನಿಲ್ಲದು, ಆತ್ಮಸಾಕ್ಷಿಯ ಮುಂದೆಯೂ ನಿಲ್ಲದು.

ಹಾಗಾದರೆ ಆಗಬೇಕಾದುದೇನು? ಸಾರುವೆ ಕಟ್ಟುವುದಕ್ಕೂ ಬಿಚ್ಚುವುದಕ್ಕೂ ಗುತ್ತಿಗೆಯಲ್ಲಿ ಪ್ರತ್ಯೇಕ ಬಾಬತ್ತು, ಪ್ರತ್ಯೇಕ ದರ, ಪ್ರತ್ಯೇಕ ದಿನಗಳು ಇರಬೇಕು. ಎಲ್ಲ ಸಾರುವೆ ಸುರಕ್ಷಿತವಾಗಿ ಕೆಳಗಿಳಿದ ಮೇಲೆಯೇ ಪ್ರದೀಪನದ ದಿನ ಗೊತ್ತುಮಾಡಬೇಕು. ಈ ತಾಲೂಕುಗಳ ಸಹಕಾರಿ ಕಾರ್ಖಾನೆಗಳಲ್ಲಿ ರೈತರೇ ಸದಸ್ಯರು. ವಾರ್ಷಿಕ ಸಭೆಯಲ್ಲಿ ಕಬ್ಬಿನ ಬಾಕಿ ಕೇಳುವ ಬಾಯಿ, ‘ಈ ವರ್ಷದ ದುರಸ್ತಿಯಲ್ಲಿ ಎಷ್ಟು ಮಂದಿ ಗಾಯಗೊಂಡರು?’ ಎಂದೂ ಕೇಳಲಿ. ಹುಡುಗನೊಬ್ಬ ಸತ್ತಾಗ ಚಂದಾ ಎತ್ತಿ ಕಣ್ಣೀರೊರೆಸುವ ಜಮಾಅತ್‌ಗಳು, ಸಂಘಗಳು, ಯುವಕ ಮಂಡಳಿಗಳು ಅವನು ಕೆಲಸಕ್ಕೆ ಹೊರಟಾಗಲೇ ಗುತ್ತಿಗೆದಾರನ ಹೆಸರು, ಹಾಜರಿ ಪುಸ್ತಕ, ವಿಮೆಯ ಕಾಗದ ಕೇಳುವುದನ್ನು ರೂಢಿಸಿಕೊಳ್ಳಲಿ. ಅಂಜಿಕೆಯಾದರೆ ಹತ್ತುವುದಿಲ್ಲ ಎನ್ನುವ ಹುಡುಗನನ್ನು ಹೇಡಿಯೆಂದು ಹೀಯಾಳಿಸದೆ, ಅವನ ಬೆನ್ನಿಗೆ ನಿಲ್ಲಲಿ.

ಸತ್ತ ಮೇಲೆ ಕೊಡುವ ಪರಿಹಾರ ಎಷ್ಟೇ ದೊಡ್ಡದಾದರೂ ಅದು ಸೋಲಿನ ಲೆಕ್ಕ. ಅದಕ್ಕಿಂತ ಅಗ್ಗವಾದದ್ದು ನಾಲ್ಕು ಹೆಚ್ಚುವರಿ ಕ್ಲಾಂಪು, ಒಂದು ಗಟ್ಟಿ ಹಲಗೆ ಮತ್ತು ಎರಡು ದಿನಗಳ ತಾಳ್ಮೆ.